ಸಿಂಕಿನ ಅಂದ ಮೇಲೆ, ಅಳತೆ ಕೆಳಗೆ

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಮಾತುಂಟು. ಅಡುಗೆಮನೆಗೆ ಬಂದ ಪ್ರತಿಯೊಂದೂ ಹಾಗೆಯೇ ಸಿಂಕಿಗೆ ಬಂದೇ ತೀರುತ್ತದೆ. ಬೆಳಗಿನ ಕಾಫಿ ಲೋಟ, ಅಕ್ಕಿ ತೊಳೆದ ನೀರು, ಸೊಪ್ಪಿನ ಮಣ್ಣು, ಮುದ್ದೆ ಕಟ್ಟಿದ ಪಾತ್ರೆ, ಕೊನೆಗೆ ರಾತ್ರಿಯ ಮುಸುರೆಯ ರಾಶಿ, ಎಲ್ಲಕ್ಕೂ ಅದೇ ಗತಿ. ಆದರೂ ಮನೆ ಕಟ್ಟುವಾಗ ಅತಿ ಕಡಿಮೆ ಯೋಚನೆ ಮಾಡಿ ಕೊಳ್ಳುವ ವಸ್ತುವೆಂದರೆ ಇದೇ. ಟೈಲ್ಸಿನ ಬಣ್ಣಕ್ಕೆ ಮೂರು ಅಂಗಡಿ ಸುತ್ತಿದವರು ಸಿಂಕಿನ ವಿಷಯ ಬಂದಾಗ ‘ಚಿಕ್ಕದೊಂದು ತಂದು ಹಾಕಿಬಿಡಪ್ಪ’ ಎಂದು ಪ್ಲಂಬರ್‌ಗೆ ಒಪ್ಪಿಸಿ ಕೈ ತೊಳೆದುಕೊಳ್ಳುತ್ತಾರೆ.

ತಾವೇ ಅಂಗಡಿಗೆ ಹೋದವರೂ ಸಿಂಕಿನ ಹೊಳಪು ನೋಡುತ್ತಾರೆ, ಬೆರಳಿನಿಂದ ತಟ್ಟಿ ಶಬ್ದ ಕೇಳುತ್ತಾರೆ, ಆಳ ಎಷ್ಟೆಂದು ವಿಚಾರಿಸುತ್ತಾರೆ. ಅದನ್ನು ಮಗುಚಿ ಹಾಕಿ ಕೆಳಗಿನ ತೂತು ಎಷ್ಟು ಅಗಲವಿದೆ ಎಂದು ನೋಡುವವರು ವಿರಳ. ಚಿಕ್ಕ ಸಿಂಕು ತುಂಬಿ ಹರಿಯುವುದು ಅದು ಚಿಕ್ಕದೆಂಬ ಕಾರಣಕ್ಕಲ್ಲ. ಒಳಗೆ ಬೀಳುವ ನೀರಿಗಿಂತ ಹೊರಗೆ ಹೋಗುವ ನೀರು ಕಡಿಮೆಯಾದ ಕಾರಣಕ್ಕೆ. ಇದೊಂದು ಲೆಕ್ಕ ತಿಳಿದರೆ ಆರಡಿ-ಎಂಟಡಿಯ ಅಡುಗೆಮನೆಯಲ್ಲಿಯೂ ನೆಮ್ಮದಿಯಿಂದ ಪಾತ್ರೆ ತೊಳೆಯಬಹುದು.

ಜಾಗ ಎಷ್ಟು, ತೊಟ್ಟಿ ಎಷ್ಟು

ನಮ್ಮ ಮನೆಗಳ ಅಡುಗೆ ಕಟ್ಟೆ ಸಾಮಾನ್ಯವಾಗಿ ಎರಡು ಅಡಿ ಅಗಲ. ಹಳೆಯ ಮನೆಗಳಲ್ಲಿ ಕಡಪ ಕಲ್ಲಿನ ಕಟ್ಟೆ 20 ಇಂಚು ಇರುವುದೂ ಉಂಟು. ಸಿಂಕಿನ ಮುಂದೆಯೂ ಹಿಂದೆಯೂ ಎರಡೆರಡು ಇಂಚಾದರೂ ಕಲ್ಲು ಉಳಿಯದಿದ್ದರೆ ಕಲ್ಲು ಸೀಳುವ ಭಯ. ಹಿಂದೆ ನಲ್ಲಿ ಕೂರಿಸುವುದಾದರೆ ಇನ್ನೂ ಸ್ವಲ್ಪ ಜಾಗ ಬೇಕು. ಆದ್ದರಿಂದ ಎರಡು ಅಡಿ ಕಟ್ಟೆಗೆ 18 ಇಂಚು, 20 ಇಂಚಿನ ಕಟ್ಟೆಗೆ 16 ಇಂಚು ಅಗಲದ ಸಿಂಕು ಗರಿಷ್ಠ ಮಿತಿ.

ಉದ್ದವನ್ನು ನಿರ್ಧರಿಸಬೇಕಾದದ್ದು ಟೇಪಿನಿಂದಲ್ಲ, ಮನೆಯ ಪಾತ್ರೆಗಳಿಂದ. ದಿನವೂ ತೊಳೆಯುವ ಪಾತ್ರೆಗಳಲ್ಲಿ ಅತಿ ದೊಡ್ಡದು ಯಾವುದು? ಕೆಲವರಿಗೆ ದೋಸೆ ಹೆಂಚು, ಕೆಲವರಿಗೆ ಐದು ಲೀಟರಿನ ಕುಕ್ಕರ್, ಇನ್ನು ಕೆಲವರಿಗೆ ಇಡ್ಲಿ ಪಾತ್ರೆ. ಅದು ತೊಟ್ಟಿಯ ತಳದಲ್ಲಿ ಚಪ್ಪಟೆಯಾಗಿ ಕೂತು, ಸುತ್ತಲೂ ನಾಲ್ಕು ಬೆರಳು ಓಡಾಡುವಷ್ಟು ಜಾಗ ಉಳಿಯಬೇಕು. ಅಂಗಡಿಗೆ ಹೋಗುವಾಗ ಹೆಂಚನ್ನು ಹೊತ್ತೊಯ್ಯಬೇಕಿಲ್ಲ. ಹಳೆಯ ದಿನಪತ್ರಿಕೆಯ ಮೇಲೆ ಅದರ ಸುತ್ತ ಗೆರೆ ಎಳೆದು, ಕತ್ತರಿಸಿ ಒಯ್ದರೆ ಸಾಕು. ನಾಲ್ಕು ಜನರ ಸಂಸಾರಕ್ಕೆ ಒಳ ಅಳತೆ 18 ಇಂಚು ಉದ್ದ, 16 ಇಂಚು ಅಗಲ ಇರುವ ಒಂದೇ ತೊಟ್ಟಿ ಧಾರಾಳ. ಐದು ಅಡಿಗಿಂತ ಕಡಿಮೆ ಕಟ್ಟೆ ಇರುವಲ್ಲಿ ಜೋಡಿ ತೊಟ್ಟಿಯ ಆಸೆ ಬೇಡ. ಅಲ್ಲಿ ಎರಡೂ ಕಿರಿದಾಗಿ, ಹೆಂಚು ಎರಡರಲ್ಲೂ ಹಿಡಿಸದೆ ಓರೆಯಾಗಿ ನಿಂತು ನೀರನ್ನೆಲ್ಲ ಸೀರೆಗೆ ಎರಚುತ್ತದೆ.

ಆಳದ ವಿಷಯದಲ್ಲಿ ಈಗ ಪೈಪೋಟಿ ನಡೆದಿದೆ. ಏಳು ಇಂಚಿನದು ಹಳೆಯ ಕಾಲದ್ದು, ಹತ್ತು ಇಂಚಿನದು ಹೊಸದು ಎಂದು ಅಂಗಡಿಯವರು ಹೇಳುತ್ತಾರೆ. ಕಟ್ಟೆ 33 ಇಂಚು ಎತ್ತರವಿದ್ದು ತೊಟ್ಟಿ 10 ಇಂಚು ಆಳವಿದ್ದರೆ ತಳ ನೆಲದಿಂದ 23 ಇಂಚಿಗೆ ಇಳಿಯುತ್ತದೆ. ದಿನಕ್ಕೆ ಮೂರು ಹೊತ್ತು ಅಲ್ಲಿಗೆ ಬಾಗಿ ಬಾಗಿ ಸೊಂಟ ನೋಯಿಸಿಕೊಳ್ಳುವವರ ಸಂಕಟ ಅಂಗಡಿಯವರಿಗೆ ಕಾಣುವುದಿಲ್ಲ. ಎಂಟು ಇಂಚು ಎಲ್ಲರಿಗೂ ಹೊಂದುವ ಆಳ. ನೀರು ಸಿಡಿಯದಂತೆ ಮಾಡಲು ಆಳಕ್ಕಿಂತ ನಲ್ಲಿಯ ಜಾಗ ಮುಖ್ಯ. ನಲ್ಲಿಯ ಧಾರೆ ತೊಟ್ಟಿಯ ನಡುವಿಗೆ ಬೀಳಬೇಕು, ಅದರ ತುದಿ ತೊಟ್ಟಿಯ ಅಂಚಿನಿಂದ ಕುಕ್ಕರ್ ಹಿಡಿಸುವಷ್ಟು ಮಾತ್ರ ಮೇಲಿರಬೇಕು. ಅದಕ್ಕಿಂತ ಎತ್ತರವಾದಷ್ಟೂ ಧಾರೆ ರಭಸವಾಗಿ ಬಿದ್ದು ಸಿಡಿಯುತ್ತದೆ.

ಉಕ್ಕಿನ ಗುಣ

ಚಿಕ್ಕ ಅಡುಗೆಮನೆಗೆ ಸ್ಟೇನ್‌ಲೆಸ್ ಸ್ಟೀಲೇ ಸರಿ. ಪಿಂಗಾಣಿಯದು ಅಂದವಾಗಿದ್ದರೂ ಹಿತ್ತಾಳೆ ಬಿಂದಿಗೆ ಕೈಜಾರಿ ಬಿದ್ದರೆ ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ. ಉಕ್ಕಿನಲ್ಲಿ 304 ಎಂಬ ಜಾತಿಯದು ಅಡುಗೆಮನೆಗೆ ಒಗ್ಗಿದ್ದು. ಅದರಲ್ಲಿ ಸುಮಾರು ನೂರಕ್ಕೆ 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುತ್ತದೆ. ಅಗ್ಗದ ಸಿಂಕುಗಳಲ್ಲಿ ಬಳಸುವ 202 ಜಾತಿಯಲ್ಲಿ ದುಬಾರಿ ನಿಕ್ಕಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಇದು ಬೇಗ ಕಲೆಗಟ್ಟುತ್ತದೆ.

ಅಯಸ್ಕಾಂತ ಹಿಡಿದು ಪರೀಕ್ಷಿಸುವ ಉಪಾಯವನ್ನು ಹಲವರು ನಂಬುತ್ತಾರೆ. ಅದು ಅರ್ಧ ಸತ್ಯ. ತೀರಾ ಕಳಪೆ ಉಕ್ಕಿಗೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ, ನಿಜ. ಆದರೆ 202ಕ್ಕೂ ಅದು ಅಂಟುವುದಿಲ್ಲ, 304ಕ್ಕೂ ಅಂಟುವುದಿಲ್ಲ. ಒಳ್ಳೆಯ 304ರ ಸಿಂಕಿನಲ್ಲಿಯೂ ಅಚ್ಚಿನಲ್ಲಿ ಒತ್ತಿ ಎಳೆದ ಮೂಲೆಗಳಲ್ಲಿ ಸ್ವಲ್ಪ ಅಂಟಬಹುದು. ಆದ್ದರಿಂದ ಸಿಂಕಿನ ಮೇಲೆ ಅಚ್ಚಾದ ಗುರುತು ನೋಡಿ, ಬಿಲ್ಲಿನಲ್ಲಿ ‘304’ ಎಂದು ಬರೆಸಿಕೊಳ್ಳುವುದೇ ಕ್ಷೇಮ. ದಪ್ಪವನ್ನು ಗೇಜ್‌ನಲ್ಲಿ ಹೇಳಿದರೆ ಸಂಖ್ಯೆ ಹೆಚ್ಚಾದಷ್ಟೂ ತಗಡು ತೆಳುವೆಂದು ನೆನಪಿರಲಿ. 18 ಗೇಜ್ ಎಂದರೆ ಸುಮಾರು 1.2 ಮಿ.ಮೀ., 20 ಗೇಜ್ ಎಂದರೆ ಸುಮಾರು 0.9 ಮಿ.ಮೀ. ಚಿಕ್ಕ ತೊಟ್ಟಿಗೆ ಒಂದು ಮಿಲಿಮೀಟರ್ ಸಾಕು. ತಳಕ್ಕೆ ರಬ್ಬರಿನ ಹಾಳೆ ಅಂಟಿಸಿದ್ದರೆ ನಡುರಾತ್ರಿ ಲೋಟ ಬಿದ್ದರೂ ಮಗು ಎಚ್ಚರಗೊಳ್ಳುವಷ್ಟು ಸದ್ದಾಗುವುದಿಲ್ಲ.

ನಾಲ್ಕು ನಿಮಿಷದ ಲೆಕ್ಕ

ಈಗ ತುಂಬಿ ಹರಿಯುವ ವಿಷಯ. 18 ಇಂಚು ಉದ್ದ, 16 ಇಂಚು ಅಗಲ, 8 ಇಂಚು ಆಳದ ತೊಟ್ಟಿಯಲ್ಲಿ ಹೆಚ್ಚೆಂದರೆ 38 ಲೀಟರ್ ನೀರು ಹಿಡಿಸುತ್ತದೆ. ನಿಮಿಷಕ್ಕೆ 10 ಲೀಟರ್ ಸುರಿಸುವ ನಲ್ಲಿಯನ್ನು ಪೂರ್ತಿ ತಿರುಗಿಸಿ, ತೂತು ಮುಚ್ಚಿದರೆ ತೊಟ್ಟಿ ನಾಲ್ಕು ನಿಮಿಷದೊಳಗೆ ತುಂಬುತ್ತದೆ. ಸರಿ, 10 ಇಂಚು ಆಳದ್ದನ್ನೇ ತಂದರೆ? 47 ಲೀಟರ್ ಹಿಡಿಯುತ್ತದೆ, ಐದು ನಿಮಿಷದೊಳಗೆ ತುಂಬುತ್ತದೆ. ಹೆಚ್ಚು ಹಣ ಕೊಟ್ಟು, ಸೊಂಟ ಬಗ್ಗಿಸಿ ಸಂಪಾದಿಸಿದ್ದು ಒಂದು ನಿಮಿಷ! ಬಾಗಿಲಲ್ಲಿ ಪಕ್ಕದ ಮನೆಯವರು ಸಿಕ್ಕಿ ನಾಲ್ಕು ಮಾತಾಡಿದರೆ ಆ ಒಂದು ನಿಮಿಷ ಎಲ್ಲಿ ಹೋಯಿತೋ.

ಆದ್ದರಿಂದ ತೊಟ್ಟಿಯನ್ನು ಹಿಗ್ಗಿಸಿ ಪ್ರಯೋಜನವಿಲ್ಲ. ನೀರು ಹೊರಹೋಗುವ ದಾರಿಯನ್ನು ಹಿಗ್ಗಿಸಬೇಕು, ಒಳಬರುವ ನೀರನ್ನು ತಗ್ಗಿಸಬೇಕು.

ಮೊದಲು ದಾರಿ. ಸಿಂಕಿನ ತೂತಿನಲ್ಲಿ ಎರಡು ಬಗೆ. ಹಳೆಯದು ಕೈತೊಳೆಯುವ ಬೇಸಿನ್ನಿಗೆ ಇರುವಂಥ ಒಂದೂಕಾಲು, ಒಂದೂವರೆ ಇಂಚಿನದು. ಒಂದು ಕರಿಬೇವಿನೆಲೆ, ನಾಲ್ಕು ಅನ್ನದ ಅಗುಳು ಸಾಕು, ಅದರ ಬಾಯಿ ಮುಚ್ಚಿಹೋಗಲು. ಇನ್ನೊಂದು ಸುಮಾರು ನಾಲ್ಕು ಇಂಚಿನ ಅಗಲ ಬಾಯಿಯದು. ಒಳಗೆ ಎತ್ತಿ ತೆಗೆಯಬಹುದಾದ ಬುಟ್ಟಿಯಂಥ ಜಾಲರಿ ಇರುತ್ತದೆ. ಚಿಕ್ಕ ಸಿಂಕಿಗೆ ಚಿಕ್ಕ ತೂತೇ ಸಾಕೆಂಬುದು ತಪ್ಪು ತರ್ಕ. ಚಿಕ್ಕ ಸಿಂಕು ಬೇಗ ತುಂಬುತ್ತದಾದ್ದರಿಂದ ಅದಕ್ಕೇ ದೊಡ್ಡ ಬಾಯಿ ಹೆಚ್ಚು ಅಗತ್ಯ.

ಬಾಯಿ ದೊಡ್ಡದಾಗಿ ಗಂಟಲು ಸಣ್ಣದಾದರೂ ಸುಖವಿಲ್ಲ. ಅಗಲ ಬಾಯಿಯ ಕೆಳಗೆ 32 ಮಿ.ಮೀ. ಪೈಪ್ ಜೋಡಿಸುವವರಿದ್ದಾರೆ. 50 ಮಿ.ಮೀ. ಪೈಪಿನ ಒಳಜಾಗ ಅದಕ್ಕಿಂತ ಸುಮಾರು ಎರಡೂವರೆ ಪಟ್ಟು ಹೆಚ್ಚು. ಗೋಡೆಯೊಳಗಿನ ಪೈಪ್ 50 ಮಿ.ಮೀ. ಇರಲಿ, ಅಡಿಗೆ ಕಾಲು ಇಂಚಿನಂತೆ ಇಳಿಜಾರು ಇರಲಿ, ಬಾಗುವಲ್ಲೆಲ್ಲ ಬಿಚ್ಚಿ ತೊಳೆಯಲು ಮುಚ್ಚಳ ಇರಲಿ. ಸಿಂಕಿನ ಕೆಳಗೆ ಸುರುಳಿ ಸುರುಳಿಯಾಗಿ ಬಗ್ಗುವ ಪ್ಲಾಸ್ಟಿಕ್ ಕೊಳವೆಯನ್ನು ಹಾಕಿ ಹೋಗುವುದು ಪ್ಲಂಬರಿಗೆ ಸುಲಭ. ಆದರೆ ಅದರ ಒಂದೊಂದು ಮಡಿಕೆಯೂ ಜಿಡ್ಡು ಕೂರಲು ಒಂದೊಂದು ಮಣೆ.

ಪೈಪಿನಲ್ಲಿ ನೀರು ಸದಾ ನಿಂತಿರುವ ಬಾಗು ಒಂದು ಬೇಕೇ ಬೇಕು. ಚರಂಡಿಯ ವಾಸನೆಯೂ ಜಿರಲೆಯೂ ಮೇಲೆ ಬರದಂತೆ ತಡೆಯುವುದು ಆ ಎರಡು ಇಂಚು ನೀರೇ. 1775ರಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕ ಲಂಡನ್ನಿನಲ್ಲಿ ಶೌಚಾಲಯಕ್ಕೆಂದು ಇಂಥ ಬಾಗಿಗೆ ಹಕ್ಕುಪತ್ರ ಪಡೆದ. ಇಂದು ಸಿಂಕಿನ ಕೆಳಗಿರುವ ಬಾಟಲ್ ಟ್ರ್ಯಾಪ್ ಅದರದೇ ಸಂತತಿ. ಅದರ ತಳವನ್ನು ಕೈಯಿಂದಲೇ ತಿರುಗಿಸಿ ಬಿಚ್ಚಬಹುದು. ಕೆಳಗೊಂದು ಬಕೆಟ್ ಇಟ್ಟು ತಿಂಗಳಿಗೊಮ್ಮೆ ಬಿಚ್ಚಿ ತೊಳೆದರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ಮೇಲಿನ ಕಿಂಡಿಯ ಭರವಸೆ

ತೊಟ್ಟಿಯ ಅಂಚಿನ ಕೆಳಗೆ ಒಂದು ಕಿಂಡಿ ಇರುವ ಸಿಂಕುಗಳಿವೆ. ನೀರು ಅಲ್ಲಿಯವರೆಗೆ ಏರಿದರೆ ಕಿಂಡಿಯ ಮೂಲಕ ಇಳಿದು ಕೆಳಗಿನ ಪೈಪನ್ನು ಸೇರುತ್ತದೆ. ಇದ್ದರೆ ಒಳ್ಳೆಯದೇ, ಆದರೆ ಅದರ ಮೇಲೆ ಪೂರ್ತಿ ಭಾರ ಹಾಕಬಾರದು. ಕಿಂಡಿಯ ಕೊಳವೆ ಸಣ್ಣದು. ಪೂರ್ತಿ ತೆರೆದ ನಲ್ಲಿಯ ನೀರನ್ನೆಲ್ಲ ಅದು ಸಾಗಿಸಲಾರದು. ಅಲ್ಲದೆ ಅದು ಪೈಪನ್ನು ಸೇರುವುದು ಟ್ರ್ಯಾಪಿಗಿಂತ ಮೇಲೆ. ಜಾಲರಿ ಕಟ್ಟಿದ್ದರೆ ಕಿಂಡಿ ಕಾಪಾಡುತ್ತದೆ. ಟ್ರ್ಯಾಪ್ ಅಥವಾ ಅದರಾಚೆಯ ಪೈಪ್ ಕಟ್ಟಿದ್ದರೆ ಕಿಂಡಿಯದೂ ಅದೇ ಪಾಡು. ಕಟ್ಟಿದ ಸಿಂಕನ್ನು ರಬ್ಬರಿನ ಪಂಪಿನಿಂದ ಒತ್ತುವಾಗ ಈ ಕಿಂಡಿಯನ್ನು ಒದ್ದೆ ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಇಲ್ಲವಾದರೆ ಒತ್ತಡವೆಲ್ಲ ಅಲ್ಲಿಂದ ಸೋರಿ, ಕೈ ನೋಯುವುದೊಂದೇ ಲಾಭ.

ನೀರು ಬಾರದ ನಲ್ಲಿ

ಸಿಂಕು ತುಂಬಿ ಮನೆಯೆಲ್ಲ ನೀರಾಗುವ ಅನಾಹುತ ಹೆಚ್ಚಾಗಿ ನಡೆಯುವುದು ನೀರಿದ್ದಾಗ ಅಲ್ಲ, ನೀರಿಲ್ಲದಾಗ. ನಲ್ಲಿ ತಿರುಗಿಸಿದರೆ ನೀರಿಲ್ಲ. ಬೇಸರದಿಂದ ಹಾಗೇ ಬಿಟ್ಟು ಮಲಗುತ್ತಾರೆ, ಇಲ್ಲವೇ ಊರಿಗೆ ಹೊರಡುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ನೀರು ಬರುತ್ತದೆ. ಸಿಂಕಿನಲ್ಲಿ ರಾತ್ರಿಯ ತಟ್ಟೆಯೊಂದು ಜಾಲರಿಯ ಮೇಲೆ ಸರಿಯಾಗಿ ಕೂತಿರುತ್ತದೆ. ಆರು ಗಂಟೆಗೆ ಎದ್ದು ಕಾಲು ಕೆಳಗಿಡುವ ಹೊತ್ತಿಗೆ ನಿಮಿಷಕ್ಕೆ 10 ಲೀಟರಿನಂತೆ 1200 ಲೀಟರ್ ಸುರಿದಿರುತ್ತದೆ. ಆರುನೂರು ಚದರ ಅಡಿಯ ಮನೆಯಲ್ಲಿ ಅದು ಹೊರಹೋಗದೆ ನಿಂತರೆ ಮುಕ್ಕಾಲು ಇಂಚಿಗೂ ಹೆಚ್ಚು.

ಹಾನಿ ಒಂದೇ ಮನೆಯದಲ್ಲ. ಎರಡನೆಯ ಮಹಡಿಯ ಸಿಂಕು ಹರಿದರೆ ನೆನೆಯುವುದು ಮೊದಲನೆಯ ಮಹಡಿಯವರ ಛಾವಣಿ. ಕೆಡುವುದು ಎರಡು ಸಂಸಾರಗಳ ಮಾತುಕತೆ. ಬಾಡಿಗೆಯವರಾದರೆ ಮುಂಗಡ ಹಣದ ಲೆಕ್ಕದಲ್ಲಿ ಸುಣ್ಣಬಣ್ಣದ ಖರ್ಚೂ ಸೇರಿಕೊಳ್ಳುತ್ತದೆ. ಬೆಂಗಳೂರಿನಂಥ ಊರಿನಲ್ಲಿ ಆ ನೀರಿನ ಪ್ರಯಾಣವನ್ನೂ ನೆನೆಯಬೇಕು. 1974ರಲ್ಲಿ ಕಾವೇರಿ ಮೊದಲ ಹಂತ ಆರಂಭವಾದಂದಿನಿಂದ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಏರಿ ಬರುತ್ತಿದೆ. ಅಷ್ಟು ಏರಿ ಬಂದದ್ದು ಮಂಚದ ಕೆಳಗಿನ ಪೆಟ್ಟಿಗೆ ನೆನೆಸಲು ಅಲ್ಲ.

ಇದಕ್ಕೆ ಮೂರು ಸರಳ ಉಪಾಯಗಳಿವೆ. ಒಂದು, ಸಿಂಕಿಗೆ ಸುತ್ತು ಸುತ್ತು ತಿರುಗಿಸುವ ನಲ್ಲಿಯ ಬದಲು ಕಾಲು ಸುತ್ತಿನ ಹಿಡಿಕೆಯ ನಲ್ಲಿ ಹಾಕಿಸುವುದು. ನೀರಿಲ್ಲದಾಗ ತಿರುಪು ನಲ್ಲಿ ತೆರೆದಿದೆಯೋ ಮುಚ್ಚಿದೆಯೋ ನೋಡಿದರೆ ತಿಳಿಯದು. ಹಿಡಿಕೆಯ ನಲ್ಲಿಯಾದರೆ ಹಿಡಿಕೆ ನಿಂತ ದಿಕ್ಕೇ ದೂರದಿಂದ ಹೇಳುತ್ತದೆ. ಎರಡು, ಮಲಗುವ ಮುನ್ನ ಸಿಂಕು ಖಾಲಿ ಮಾಡುವುದು. ಪಾತ್ರೆ ತೊಳೆಯಲಾಗದಿದ್ದರೆ ಬಕೆಟಿಗೋ ಬೇಸಿನ್ನಿಗೋ ಹಾಕಿ ಕೆಳಗಿಡಲಿ, ಜಾಲರಿಯ ಮೇಲೆ ತಟ್ಟೆಯಾಗಲಿ ಒರೆಸುವ ಬಟ್ಟೆಯಾಗಲಿ ಇರಕೂಡದು. ಮೂರು, ತಿರುಗುವ ಕೊಕ್ಕಿನ ನಲ್ಲಿಯಾದರೆ ಕೊಕ್ಕು ಸದಾ ತೊಟ್ಟಿಯ ಮೇಲೆಯೇ ಇರಲಿ, ಕಟ್ಟೆಯ ಕಡೆಗಲ್ಲ.

ಒಳಬರುವ ನೀರನ್ನು ತಗ್ಗಿಸುವುದು ಇನ್ನೂ ಸುಲಭ. ಸಿಂಕಿನ ಕೆಳಗೆ ಆಂಗಲ್ ಕಾಕ್ ಇದ್ದರೆ ಅದನ್ನು ಅರ್ಧ ಮುಚ್ಚಿಟ್ಟರಾಯಿತು. ನಲ್ಲಿಯ ತುದಿಗೆ ಗಾಳಿ ಬೆರೆಸುವ ಜಾಲರಿ, ಅಂದರೆ ಏರೇಟರ್, ಹಾಕಿದರೆ ಧಾರೆ ಮೃದುವಾಗುತ್ತದೆ, ಸಿಡಿತ ಕಡಿಮೆಯಾಗುತ್ತದೆ, ನೀರೂ ಉಳಿಯುತ್ತದೆ. 2024ರ ಬೇಸಿಗೆಯ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಇದನ್ನು ಕಡ್ಡಾಯ ಮಾಡಿದಾಗ ಹಲವರಿಗೆ ಈ ಪುಟ್ಟ ವಸ್ತುವಿನ ಪರಿಚಯವಾಯಿತು. ಬೋರ್‌ವೆಲ್ ನೀರಿರುವಲ್ಲಿ ಅದರಲ್ಲಿ ಬಿಳಿಯ ಸುಣ್ಣ ಕಟ್ಟುತ್ತದೆ. ಬಿಚ್ಚಿ ನಿಂಬೆ ರಸದಲ್ಲಿ ನೆನೆಹಾಕಿ ತೊಳೆದರೆ ಮತ್ತೆ ಸರಿಹೋಗುತ್ತದೆ.

ಕಲಗಚ್ಚು ಎಲ್ಲಿ ಹೋಯಿತು?

ಹಿಂದಿನ ಮನೆಗಳಲ್ಲಿ ಅಡುಗೆಮನೆಯ ಮೂಲೆಯ ಬಚ್ಚಲು ಇಷ್ಟೊಂದು ಕಟ್ಟುತ್ತಿರಲಿಲ್ಲ. ಕಾರಣ ಹಿತ್ತಿಲಿನ ಹಸು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲವೂ ಕಲಗಚ್ಚಿನ ಬಾನಿಗೆ ಬೀಳುತ್ತಿತ್ತು. ಎಣ್ಣೆಯ ಜಿಡ್ಡನ್ನು ಒಲೆಯ ಬೂದಿ ಹೀರುತ್ತಿತ್ತು. ಹಸು ಹೋಯಿತು, ಒಲೆ ಹೋಯಿತು, ಅವೆರಡರ ಪಾಲೂ ಪಾಪದ ಸಿಂಕಿನ ತಲೆಗೆ ಬಂತು.

ಪೈಪಿನೊಳಗೆ ನಡೆಯುವುದಿಷ್ಟು. ಬಿಸಿಯಾಗಿದ್ದಾಗ ಕರಗಿ ಇಳಿದ ತುಪ್ಪ, ಡಾಲ್ಡಾ, ಕೊಬ್ಬರಿ ಎಣ್ಣೆ ಮುಂದೆ ತಣ್ಣಗಾಗಿ ಪೈಪಿನ ಗೋಡೆಗೆ ಹೆಪ್ಪುಗಟ್ಟುತ್ತದೆ. ಅದರ ಮೇಲೆ ಗಂಜಿಯ, ರಾಗಿ ಹಿಟ್ಟಿನ, ದೋಸೆ ಹಿಟ್ಟಿನ ಅಂಟು ಕೂರುತ್ತದೆ. ಅದಕ್ಕೆ ಕಾಫಿ ಗಷ್ಟು, ಸಾಸಿವೆ, ತೆಂಗಿನ ನಾರು ಸಿಕ್ಕಿಕೊಂಡರೆ ಗೋಡೆ ಕಟ್ಟಿದ ಹಾಗೆಯೇ. ಪರಿಹಾರವೂ ಹಳೆಯದೇ: ಸಿಂಕಿನ ಪಕ್ಕ ಹಳೆಯ ಡಬ್ಬಿಯೊಂದಿರಲಿ. ತಟ್ಟೆ ಬಾಣಲೆಗಳನ್ನು ಮೊದಲು ಅದಕ್ಕೆ ಬಳಿದು, ಜಿಡ್ಡನ್ನು ಹಳೆಯ ಪತ್ರಿಕೆಯಲ್ಲಿ ಒರೆಸಿ, ಆಮೇಲೆ ಸಿಂಕಿಗೆ ಹಾಕಬೇಕು. ಅಕ್ಕಿ ತೊಳೆದ ನೀರು ತುಳಸಿ ಕಟ್ಟೆಗೋ ಕುಂಡದ ಗಿಡಕ್ಕೋ ಹೋಗಲಿ.

ಕುದಿಯುವ ಗಂಜಿಯನ್ನು ನೇರ ಸಿಂಕಿಗೆ ಬಸಿಯುವುದು ಬೇಡ. ಪಿ.ವಿ.ಸಿ. ಪೈಪ್ 60 ಡಿಗ್ರಿಗಿಂತ ಹೆಚ್ಚಿನ ಬಿಸಿಗೆ ಹೇಳಿದ್ದಲ್ಲ; ಮೆತ್ತಗಾಗಿ ಜೋಗುತ್ತದೆ, ಜೋಗಿದಲ್ಲಿ ಕಸ ನಿಲ್ಲುತ್ತದೆ. ಉಗುರು ಬೆಚ್ಚಗಿಗಿಂತ ಸ್ವಲ್ಪ ಹೆಚ್ಚು ಬಿಸಿಯ ನೀರಿಗೆ ಪಾತ್ರೆ ತೊಳೆಯುವ ಸೋಪು ಬೆರೆಸಿ ವಾರಕ್ಕೊಮ್ಮೆ ಒಂದು ಬಕೆಟ್ ಒಟ್ಟಿಗೆ ಸುರಿದರೆ ಜಿಡ್ಡು ಸಡಿಲಗೊಳ್ಳುತ್ತದೆ. ಶೌಚಾಲಯಕ್ಕೆ ಹಾಕುವ ಆಸಿಡ್ ಸಿಂಕಿನ ಉಕ್ಕನ್ನೇ ತಿನ್ನುತ್ತದೆ. ಕಾಸ್ಟಿಕ್ ಸೋಡಾ ನೀರಿಗೆ ಬಿದ್ದೊಡನೆ ಕುದಿಯುವಷ್ಟು ಬಿಸಿಯಾಗಿ ಕಣ್ಣಿಗೆ ಸಿಡಿಯಬಹುದು. ಇವೆರಡನ್ನು ಒಂದರ ಮೇಲೊಂದು ಹಾಕುವುದಂತೂ ಸರ್ವಥಾ ಕೂಡದು. ಬ್ಲೀಚಿಂಗ್ ಪುಡಿಗೆ ಆಸಿಡ್ ಸೇರಿದರೆ ವಿಷಾನಿಲವಾದ ಕ್ಲೋರಿನ್ ಏಳುತ್ತದೆ.

ನಲ್ಲಿ ಮುಚ್ಚಿದ್ದರೂ ತುಂಬುವ ಸಿಂಕು

ನೆಲಮಹಡಿಯಲ್ಲಿರುವವರ ಗೋಳು ಬೇರೆಯೇ. ತಮ್ಮ ನಲ್ಲಿ ಮುಚ್ಚಿದ್ದರೂ ಸಿಂಕಿನ ತೂತಿನಿಂದ ಬೇರೆಯವರ ಸಾಂಬಾರಿನ ನೀರು ಮೇಲೇರುತ್ತದೆ. ಮೇಲಿನ ಮನೆಗಳ ನೀರು ಇಳಿಯುವ ಪೈಪಿಗೇ ಕೆಳಮನೆಯ ಸಿಂಕನ್ನೂ ಸೇರಿಸಿ, ಅದರ ಬುಡ ಕಟ್ಟಿಕೊಂಡಾಗ ಹೀಗಾಗುತ್ತದೆ. ಇಲ್ಲಿ ಸಿಂಕನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ತೆರೆಯಬೇಕಾದ್ದು ಹೊರಗಿನ ಚೇಂಬರ್. ಕಟ್ಟುವಾಗಲೇ ನೆಲಮಹಡಿಯ ಸಿಂಕಿಗೆ ಚೇಂಬರಿನವರೆಗೆ ಬೇರೆ ಪೈಪ್ ಎಳೆಸುವುದು ಶಾಶ್ವತ ಪರಿಹಾರ. ಮಳೆ ಬಂದಾಗ ಮಾತ್ರ ಹೀಗಾದರೆ, ತಾರಸಿಯ ಮಳೆನೀರನ್ನು ಯಾರೋ ಒಳಚರಂಡಿಯ ಪೈಪಿಗೆ ತಿರುಗಿಸಿದ್ದಾರೆಯೇ ಎಂದು ನೋಡಬೇಕು. ಅದು ನಿಯಮಕ್ಕೆ ವಿರುದ್ಧ, ನೆರೆಹೊರೆಗೂ ವಿರುದ್ಧ.

ಪ್ಲಂಬರಿಗೆ ಹಣ ಕೊಡುವ ಮುನ್ನ

ಸಿಂಕು ಕೂರಿಸಿದ ದಿನವೇ ಮೂರು ಪರೀಕ್ಷೆ ಮಾಡಿಸಿಕೊಳ್ಳಿ. ಮೊದಲನೆಯದು, ತೂತು ಮುಚ್ಚದೆ ನಲ್ಲಿಯನ್ನು ಪೂರ್ತಿ ತೆರೆದು ಐದು ನಿಮಿಷ ಬಿಡಬೇಕು. ತೊಟ್ಟಿಯಲ್ಲಿ ನೀರು ನಿಲ್ಲಕೂಡದು. ನಿಂತರೆ ದಾರಿ ಸಾಲದೆಂದು ಅರ್ಥ. ಅಂದೇ ಪೈಪ್ ಬದಲಿಸಲಿ. ಎರಡನೆಯದು, ತೂತು ಮುಚ್ಚಿ ಅಂಚಿನವರೆಗೆ ತುಂಬಿಸಿ ಒಮ್ಮೆಲೇ ಬಿಡಬೇಕು. ಆ ಭಾರಕ್ಕೆ ಕೆಳಗಿನ ಯಾವ ಜೋಡಣೆ ಸೋರುತ್ತದೆಂದು ಒಣ ಪತ್ರಿಕೆ ಹಾಸಿ ನೋಡಿದರೆ ಒಂದು ಹನಿಯೂ ತಪ್ಪಿಸಿಕೊಳ್ಳದು. ಮೂರನೆಯದು, ಕಟ್ಟೆಯ ಮೇಲೆ ಒಂದು ತಂಬಿಗೆ ನೀರು ಚೆಲ್ಲಬೇಕು. ಅದು ಸಿಂಕಿನ ಕಡೆ ಹರಿಯಬೇಕೇ ಹೊರತು ಒಲೆಯ ಕಡೆಗಾಗಲಿ, ನಿಂತವರ ಹೊಟ್ಟೆಯ ಕಡೆಗಾಗಲಿ ಅಲ್ಲ. ಕಟ್ಟೆಯ ಮುಂದಿನ ಅಂಚಿಗೆ ಅರ್ಧ ಇಂಚಿನ ಕಲ್ಲಿನ ಪಟ್ಟಿ ಅಂಟಿಸಿದರೆ ಚೆಲ್ಲಿದ ನೀರು ನೆಲಕ್ಕಿಳಿಯದು.

ಮೇಲಿನ ಮಹಡಿಯ ಮನೆಯಾದರೆ ಅಡುಗೆಮನೆಯ ನೆಲದಲ್ಲಿಯೂ ನೀರು ಹೋಗಲು ಒಂದು ಜಾಲರಿಯ ತೂತು, ಬಾಗಿಲಲ್ಲಿ ಒಂದಿಂಚಿನ ಹೊಸಿಲು ಇರಲಿ. ಹೊಸಿಲು ಕಾಲಿಗೆ ಎಡವುತ್ತದೆಂದು ಈಗ ಎಲ್ಲರೂ ಕೀಳಿಸುತ್ತಾರೆ. ವಯಸ್ಸಾದವರಿರುವ ಮನೆಯಲ್ಲಿ ಅದನ್ನು ಎರಡೂ ಕಡೆ ಇಳಿಜಾರು ಮಾಡಿಸಿದರೆ ಎಡವುವ ಭಯವೂ ಇಲ್ಲ, ನೀರು ಪಡಸಾಲೆಗೆ ದಾಟುವ ಭಯವೂ ಇಲ್ಲ.

ಇಷ್ಟಕ್ಕೂ ಹೆಚ್ಚಿನ ಖರ್ಚೇನೂ ಇಲ್ಲ. ಎರಡು ಇಂಚು ಆಳಕ್ಕೆ, ಕನ್ನಡಿಯಂಥ ಹೊಳಪಿಗೆ ಕೊಡುವ ಹಣವನ್ನು ಅಗಲ ಬಾಯಿಗೆ, ದಪ್ಪ ಪೈಪಿಗೆ, ಹಿಡಿಕೆಯ ನಲ್ಲಿಗೆ ತಿರುಗಿಸಿದರಾಯಿತು. ಕೊಳ್ಳುವ ದಿನ ಸಿಂಕನ್ನು ಒಮ್ಮೆ ಮಗುಚಿ ನೋಡಲು ಮರೆಯದಿದ್ದರೆ ಸಾಕು.